ಉದ್ಯೋಗ ಕಡಿತ: ಅನಿಶ್ಚಿತತೆಯ ಭಾರ ಯಾರ ಹೆಗಲಿಗೆ?

ಪ್ರಶ್ನೆ: ನಾನು 160 ಜನರಿರುವ ಒಂದು ಸಾಫ್ಟ್‌ವೇರ್ ಕಂಪನಿಯ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ. ದೊಡ್ಡ ಗ್ರಾಹಕರೊಬ್ಬರು ಒಪ್ಪಂದವನ್ನು ಮುಂದುವರಿಸದ ಕಾರಣ ಸುಮಾರು 25 ಜನರನ್ನು ತೆಗೆಯಬೇಕಾಗಬಹುದು ಎಂದು ಆಡಳಿತ ವರ್ಗ ಹೇಳಿದೆ. ಕೆಲವು ಕಂಪನಿಗಳು ಬೆಳಿಗ್ಗೆ ಒಂದು ಇಮೇಲ್ ಕಳಿಸಿ ಮಧ್ಯಾಹ್ನದೊಳಗೆ ಎಲ್ಲವನ್ನೂ ಮುಗಿಸುತ್ತವೆ, ಕೆಲವು ತಿಂಗಳುಗಟ್ಟಲೆ ಮಾತುಕತೆ ನಡೆಸುತ್ತವೆ. ಬೇರೆ ಬೇರೆ ಕಂಪನಿಗಳು ಇದನ್ನು ಹೇಗೆ ನಿಭಾಯಿಸಿವೆ? ಅದರಲ್ಲಿ ನಮ್ಮಂಥ ಸಣ್ಣ ಕಂಪನಿ ಕಲಿಯುವಂಥದ್ದು ಏನಿದೆ?

ಉತ್ತರ: ಎರಡು ದಶಕಗಳಿಗೂ ಹೆಚ್ಚು ಕಾಲ ಮಾನವ ಸಂಪನ್ಮೂಲ ವಿಭಾಗಗಳಲ್ಲಿ ದುಡಿದವನಾಗಿ ಇಂಥ ಪಟ್ಟಿಗಳನ್ನು ನಾನೇ ಸಿದ್ಧಪಡಿಸಿದ್ದೇನೆ, ಒಮ್ಮೆ ಅಂಥದೊಂದು ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಮೇಜಿನ ಎರಡೂ ಬದಿಯಲ್ಲಿ ಕುಳಿತು ನೋಡಿದ ಮೇಲೆ ನನಗೆ ಅನಿಸಿರುವುದೇನೆಂದರೆ, ಎಷ್ಟು ಜನರನ್ನು ತೆಗೆದರು, ಎಷ್ಟು ವಾರದ ಸಂಬಳ ಕೊಟ್ಟರು ಎಂಬ ಎರಡು ಅಂಕಿಗಳಿಂದ ಕಂಪನಿಗಳ ನಡುವಿನ ವ್ಯತ್ಯಾಸವನ್ನು ಅಳೆಯಲಾಗದು. ವ್ಯಾಪಾರ ಕುಸಿದಾಗ ಯಾರು ಉಳಿಯುತ್ತಾರೆ, ಯಾವಾಗ ತಿಳಿಯುತ್ತದೆ, ಮುಂದಿನ ತಿಂಗಳ ಸಂಬಳ ಬರುತ್ತದೆಯೇ ಎಂಬ ಅನಿಶ್ಚಿತತೆ ಹುಟ್ಟುತ್ತದೆ, ಅದನ್ನು ಯಾರಾದರೂ ಹೊರಲೇಬೇಕು. ಕೆಲವು ಕಂಪನಿಗಳು ಅದರ ದೊಡ್ಡ ಪಾಲನ್ನು ತಾವೇ ಹೊರುತ್ತವೆ; ಕೆಲವು ಅದನ್ನು ಇಡಿಯಾಗಿ ನೌಕರರ ಹೆಗಲಿಗೆ ದಾಟಿಸಿ ಕೈತೊಳೆದುಕೊಳ್ಳುತ್ತವೆ. ನೀವು ಕೇಳಿದ ‘ಮಧ್ಯಾಹ್ನದೊಳಗೆ’ ಮತ್ತು ‘ತಿಂಗಳುಗಟ್ಟಲೆ’ ಎಂಬ ಎರಡು ರೀತಿಗಳನ್ನೂ ನಾನು ಈ ದೃಷ್ಟಿಯಿಂದಲೇ ನೋಡುತ್ತೇನೆ.

ಮೊದಲು ಮಧ್ಯಾಹ್ನದೊಳಗೆ ಮುಗಿಸುವವರ ವಿಷಯ. 2021ರ ಡಿಸೆಂಬರ್ 1ರಂದು ಅಮೆರಿಕದ ಗೃಹಸಾಲ ಕಂಪನಿ ಬೆಟರ್‌ನ ಮುಖ್ಯಸ್ಥ ವಿಶಾಲ್ ಗರ್ಗ್ ಸುಮಾರು 900 ನೌಕರರನ್ನು ಒಂದು ಜೂಮ್ ಕರೆಗೆ ಸೇರಿಸಿ, ಈ ಕರೆಯಲ್ಲಿರುವ ಎಲ್ಲರ ಕೆಲಸವೂ ಈ ಕ್ಷಣದಿಂದ ಮುಗಿಯಿತೆಂದು ಕೆಲವೇ ನಿಮಿಷಗಳಲ್ಲಿ ಹೇಳಿ ಮುಗಿಸಿದರು. ಅದರ ವಿಡಿಯೊ ಜಗತ್ತೆಲ್ಲ ಸುತ್ತಿತು. ಅವರು ಕ್ಷಮೆ ಕೇಳಿ ಕೆಲಕಾಲ ರಜೆಯ ಮೇಲೆ ಹೋಗಬೇಕಾಯಿತು. ನನಗೆ ಅದಕ್ಕಿಂತಲೂ ಹೆಚ್ಚು ಪಾಠ ಹೇಳುವುದು ಅದೇ ಕಂಪನಿ 2022ರ ಮಾರ್ಚ್‌ನಲ್ಲಿ ಮಾಡಿದ ಎರಡನೆಯ, ಇನ್ನೂ ದೊಡ್ಡ ಕಡಿತ. ಆಗ ಕೆಲವು ನೌಕರರಿಗೆ ಸುದ್ದಿ ತಿಳಿದದ್ದು ಯಾರ ಬಾಯಿಂದಲೂ ಅಲ್ಲ, ಸಂಬಳದ ಆ್ಯಪ್‌ನಿಂದ. ಕೆಲಸ ಹೋಗಿದೆ ಎಂದು ಯಾರೂ ಹೇಳುವ ಮೊದಲೇ ಪರಿಹಾರದ ಮೊತ್ತ ಅವರ ಖಾತೆಯ ಪುಟದಲ್ಲಿ ಕಾಣಿಸಿಕೊಂಡಿತ್ತು. ಅಲ್ಲಿ ಹಣ ಕೊಡುವ ಮನಸ್ಸಿರಲಿಲ್ಲ ಎನ್ನುವಂತಿಲ್ಲ. ಮಾನವ ಸಂಪನ್ಮೂಲ, ಲೆಕ್ಕಪತ್ರ ಮತ್ತು ಐಟಿ ಎಂಬ ಮೂರು ವಿಭಾಗಗಳ ಗಡಿಯಾರಗಳನ್ನು ಯಾರೂ ಹೊಂದಿಸಿರಲಿಲ್ಲ.

2022ರ ನವೆಂಬರ್‌ನಲ್ಲಿ ಟ್ವಿಟರ್ ತನ್ನ ಸುಮಾರು 7,500 ನೌಕರರಲ್ಲಿ ಅರ್ಧದಷ್ಟು ಜನರನ್ನು ತೆಗೆದಾಗ, ನಾಳೆ ಬೆಳಿಗ್ಗೆ 9 ಗಂಟೆಯೊಳಗೆ ಎಲ್ಲರಿಗೂ ಇಮೇಲ್ ಬರುತ್ತದೆ, ಕೆಲಸ ಉಳಿದವರಿಗೆ ಕಚೇರಿಯ ವಿಳಾಸಕ್ಕೆ, ಹೋದವರಿಗೆ ಸ್ವಂತ ವಿಳಾಸಕ್ಕೆ ಎಂದು ಹಿಂದಿನ ಸಂಜೆಯೇ ತಿಳಿಸಲಾಗಿತ್ತು. ಒಂದು ರಾತ್ರಿಯಿಡೀ ಸಾವಿರಾರು ಜನ ಎರಡು ಇನ್‌ಬಾಕ್ಸ್‌ಗಳನ್ನು ಸರದಿಯಲ್ಲಿ ತೆರೆಯುತ್ತ ಕುಳಿತಿರುವುದನ್ನು ಊಹಿಸಿಕೊಳ್ಳಿ. ಹಲವರ ಲ್ಯಾಪ್‌ಟಾಪ್ ಇಮೇಲ್ ಬರುವ ಮೊದಲೇ ಲಾಕ್ ಆಗಿತ್ತು. ಕೆಲವೇ ದಿನಗಳಲ್ಲಿ ಅವರಲ್ಲಿ ಕೆಲವರನ್ನು ಮರಳಿ ಬರುವಂತೆ ಕೇಳಬೇಕಾಯಿತು, ಏಕೆಂದರೆ ಅವರ ಕೆಲಸ ಏನೆಂದು ತಿಳಿಯುವ ಮೊದಲೇ ಪಟ್ಟಿ ಸಿದ್ಧವಾಗಿತ್ತು. ಅವಸರದ ಪಟ್ಟಿಗಳಲ್ಲಿ ಇದು ಸಾಮಾನ್ಯ. ಯಾರು ಯಾವ ಹುದ್ದೆಯಲ್ಲಿದ್ದಾರೆ ಎಂಬುದು ಕಾಗದದ ಮೇಲಿರುತ್ತದೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಯಾರಿಗೆ ಫೋನ್ ಹೋಗುತ್ತದೆ ಎಂಬುದು ಎಲ್ಲೂ ಬರೆದಿರುವುದಿಲ್ಲ.

ಹೀಗೆ ಏಕಾಏಕಿ ಪ್ರವೇಶ ಕಡಿದುಹಾಕುವುದಕ್ಕೆ ಕಂಪನಿಗಳು ಕೊಡುವ ಕಾರಣ ಮಾಹಿತಿಯ ಸುರಕ್ಷತೆ. ಅದು ಪೂರ್ತಿ ಸುಳ್ಳಲ್ಲ, ಗ್ರಾಹಕರ ದತ್ತಾಂಶ ಅಥವಾ ಹಣದ ವ್ಯವಹಾರ ಕೈಯಲ್ಲಿರುವವರ ವಿಷಯದಲ್ಲಿ ಆ ಎಚ್ಚರಿಕೆ ಬೇಕು. ಆದರೆ ಸುರಕ್ಷತೆಗಾಗಿ ಕಡಿಯಬೇಕಾದದ್ದು ಕೆಲವು ವ್ಯವಸ್ಥೆಗಳ ಪ್ರವೇಶವೇ ಹೊರತು ಸಹೋದ್ಯೋಗಿಗಳಿಗೆ ಒಂದು ಮಾತು ಹೇಳಿ ಹೋಗುವ ಅವಕಾಶವನ್ನಲ್ಲ. ನಾನು ಒಮ್ಮೆ ಸಲಹೆಗಾರನಾಗಿ ಹೋಗಿದ್ದ ಕಂಪನಿಯೊಂದರಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದ ಟೆಸ್ಟಿಂಗ್ ಎಂಜಿನಿಯರ್ ಒಬ್ಬರು ಬೆಳಿಗ್ಗೆ ಗೇಟಿನಲ್ಲಿ ಕಾರ್ಡ್ ಒತ್ತಿದರು. ಮೂರು ಸಲವೂ ಕೆಂಪು ದೀಪವೇ ಹತ್ತಿತು. ಸೆಕ್ಯುರಿಟಿಯವರು ‘ಸಿಸ್ಟಮ್ ಪ್ರಾಬ್ಲಮ್ ಇರಬೇಕು ಮೇಡಂ, ಸ್ವಲ್ಪ ಕೂತಿರಿ’ ಎಂದು ಕುರ್ಚಿ ಹಾಕಿಕೊಟ್ಟರು. ಅವರು ಅಲ್ಲಿ ನಲವತ್ತು ನಿಮಿಷ ಕುಳಿತಿದ್ದರು, ಒಳಗೆ ಹೋಗುವವರೆಲ್ಲ ನಮಸ್ಕಾರ ಹೇಳುತ್ತಿದ್ದರು. ಅದೇ ಹೊತ್ತಿಗೆ ನಾನು ಮತ್ತು ಅವರ ಮ್ಯಾನೇಜರ್ ಮೇಲಿನ ಮಹಡಿಯಲ್ಲಿ, ಹತ್ತು ಗಂಟೆಗೆ ಕಳಿಸಬೇಕಿದ್ದ ಇಮೇಲ್‌ನಲ್ಲಿ ‘ವಿಷಾದ’ ಎಂಬ ಪದ ಇರಬೇಕೇ ಬೇಡವೇ ಎಂದು ಚರ್ಚಿಸುತ್ತಿದ್ದೆವು. ಕಾರ್ಡ್ ಬಂದ್ ಮಾಡುವ ಆದೇಶ ಎಂಟು ಗಂಟೆಗೇ ಜಾರಿಯಾಗಿತ್ತು ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಬ್ರಿಟನ್ನಿನ ಹಡಗು ಕಂಪನಿ ಪಿ ಆ್ಯಂಡ್ ಒ ಫೆರೀಸ್‌ನ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದಿನದು. 2022ರ ಮಾರ್ಚ್ 17ರಂದು ಅದು ಸುಮಾರು 800 ನಾವಿಕರನ್ನು ಮೊದಲೇ ಚಿತ್ರಿಸಿಟ್ಟ ವಿಡಿಯೊ ಸಂದೇಶದ ಮೂಲಕ ತೆಗೆದುಹಾಕಿ, ಅವರ ಜಾಗಕ್ಕೆ ಏಜೆನ್ಸಿಯ ಮೂಲಕ ಅಗ್ಗದ ಸಿಬ್ಬಂದಿಯನ್ನು ತಂದಿತು. ಕಾನೂನಿನ ಪ್ರಕಾರ ಕಾರ್ಮಿಕ ಸಂಘಗಳೊಂದಿಗೆ ಮೊದಲೇ ಸಮಾಲೋಚನೆ ನಡೆಸಬೇಕಿತ್ತು. ಸಂಸತ್ ಸಮಿತಿಯ ಮುಂದೆ ಕಂಪನಿಯ ಮುಖ್ಯಸ್ಥರು, ಯಾವ ಸಂಘವೂ ಒಪ್ಪುತ್ತಿರಲಿಲ್ಲವಾದ್ದರಿಂದ ಸಮಾಲೋಚನೆಯನ್ನು ಬೇಕೆಂದೇ ಬಿಟ್ಟೆವು ಎಂದು ಒಪ್ಪಿಕೊಂಡರು. ಕಾನೂನನ್ನು ಮುರಿಯುವುದಕ್ಕೆ ತಗಲುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದು ನಡೆದುಕೊಳ್ಳುವ ಕಂಪನಿಗಳೂ ಇರುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ತಪ್ಪೊಪ್ಪಿಗೆಯನ್ನು ನಾನು ಕಂಡಿಲ್ಲ.

ಇನ್ನು ಇದಕ್ಕೆ ತದ್ವಿರುದ್ಧವಾದ ಉದಾಹರಣೆಯಾಗಿ ಎಲ್ಲರೂ ಹೇಳುವುದು ಪ್ರವಾಸಿಗರಿಗೆ ಬಾಡಿಗೆ ಮನೆ ಒದಗಿಸುವ ಏರ್‌ಬಿಎನ್‌ಬಿಯನ್ನು. 2020ರ ಮೇ 5ರಂದು, ಪ್ರವಾಸೋದ್ಯಮವೇ ನಿಂತುಹೋಗಿದ್ದಾಗ, ಅದು ತನ್ನ ನಾಲ್ಕರಲ್ಲಿ ಒಂದು ಭಾಗದಷ್ಟು, ಸುಮಾರು 1,900 ಜನರನ್ನು ತೆಗೆಯಿತು. ಸಂಖ್ಯೆಯಲ್ಲಿ ಇದು ಬೆಟರ್‌ನ ಮೊದಲ ಕಡಿತದ ಎರಡು ಪಟ್ಟು. ಆದರೂ ಮುಖ್ಯಸ್ಥ ಬ್ರಯಾನ್ ಚೆಸ್ಕಿ ಬರೆದ ಪತ್ರ ಒಂದು ಮಾದರಿಯೆನಿಸಿತು. ಅದಕ್ಕೆ ಅವರ ಭಾಷೆಯ ಆರ್ದ್ರತೆಗಿಂತ ಆ ಪತ್ರದಲ್ಲಿದ್ದ ಖಚಿತ ಮಾಹಿತಿಯೇ ಕಾರಣ ಎಂದು ನನ್ನ ಎಣಿಕೆ. ಯಾವ ಯಾವ ವ್ಯವಹಾರಗಳನ್ನು ನಿಲ್ಲಿಸುತ್ತೇವೆ, ಆದ್ದರಿಂದ ಯಾವ ಹುದ್ದೆಗಳು ಹೋಗುತ್ತವೆ ಎಂಬ ತರ್ಕ ಅದರಲ್ಲಿತ್ತು. ಅಮೆರಿಕದ ನೌಕರರಿಗೆ ಕನಿಷ್ಠ 14 ವಾರಗಳ ಮೂಲ ವೇತನ, ಜೊತೆಗೆ ಪ್ರತಿ ವರ್ಷದ ಸೇವೆಗೆ ಇನ್ನೊಂದು ವಾರದ ವೇತನ ಮತ್ತು ಒಂದು ವರ್ಷದ ಆರೋಗ್ಯ ವಿಮೆ ದೊರೆಯಿತು. ಒಂದು ವರ್ಷ ತುಂಬದವರಿಗೆ ಷೇರು ಸಿಗುವುದಿಲ್ಲ ಎಂಬ ನಿಯಮವನ್ನು ಸಡಿಲಿಸಿದರು, ಲ್ಯಾಪ್‌ಟಾಪ್ ಅವರ ಬಳಿಯೇ ಉಳಿಯಿತು. ನೇಮಕಾತಿ ವಿಭಾಗದವರಿಗೆ ಹೊಸ ನೇಮಕಾತಿಯ ಕೆಲಸವೇ ಇರಲಿಲ್ಲವಾದ್ದರಿಂದ, ಅವರಲ್ಲಿ ಕೆಲವರನ್ನು ಹೊರಹೋದವರಿಗೆ ಬೇರೆಡೆ ಕೆಲಸ ಹುಡುಕಿಕೊಡುವ ಕೆಲಸಕ್ಕೆ ಹಾಕಿದರು. ಈ ಕೊನೆಯದಕ್ಕೆ ಹೆಚ್ಚುವರಿ ಖರ್ಚೇನೂ ಬರುವುದಿಲ್ಲ, ನಿಮ್ಮ ಗಾತ್ರದ ಕಂಪನಿಯೂ ಇದನ್ನು ಮಾಡಬಹುದು.

ಪತ್ರದ ಮಾತು ಬಂದದ್ದರಿಂದ ಒಂದು ಪಕ್ಕದ ಟಿಪ್ಪಣಿ. 2014ರ ಜುಲೈನಲ್ಲಿ ಮೈಕ್ರೋಸಾಫ್ಟ್ ತಾನು ಕೊಂಡಿದ್ದ ನೋಕಿಯಾ ಫೋನ್ ವಿಭಾಗದ ಸುಮಾರು 12,500 ಜನರನ್ನು ತೆಗೆಯುವುದಾಗಿ ಆ ವಿಭಾಗದ ಮುಖ್ಯಸ್ಥ ಸ್ಟೀಫನ್ ಎಲೋಪ್ ಅವರ ಟಿಪ್ಪಣಿಯ ಮೂಲಕ ತಿಳಿಸಿತು. ‘ಹಲೋ ದೇರ್’ ಎಂದು ಶುರುವಾಗುವ ಆ ದೀರ್ಘ ಟಿಪ್ಪಣಿ ಉತ್ಪನ್ನಗಳ ಕಾರ್ಯತಂತ್ರವನ್ನು ಪ್ಯಾರಾಗಟ್ಟಲೆ ವಿವರಿಸಿದ ನಂತರವೇ ಕೆಲಸ ಹೋಗುವ ವಿಷಯಕ್ಕೆ ಬರುತ್ತದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರೆಯುವ ಈ ಅಭ್ಯಾಸ ದೊಡ್ಡ ಕಂಪನಿಗಳಿಗಷ್ಟೇ ಸೀಮಿತವಲ್ಲ. ನನ್ನ ಹೆಸರು ಪಟ್ಟಿಯಲ್ಲಿದ್ದ ದಿನ, ನನ್ನ ನಿರ್ದೇಶಕರು ಬಾಗಿಲು ಮುಚ್ಚಿ ಕುಳಿತು ಒಂದು ಕಾಗದ ನೋಡಿ ಓದತೊಡಗಿದರು. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ನನಗೆ ಗುರುತು ಸಿಕ್ಕಿತು: ಆ ನಮೂನೆಯನ್ನು ಎರಡು ವರ್ಷದ ಹಿಂದೆ ಬೇರೆಯವರಿಗಾಗಿ ಬರೆದುಕೊಟ್ಟವನು ನಾನೇ. ‘ಇದು ನಿಮ್ಮ ಕಾರ್ಯಕ್ಷಮತೆಯ ಮೇಲಿನ ತೀರ್ಪಲ್ಲ’ ಎಂಬ, ನಾನು ಬಹಳ ಮೆಚ್ಚಿ ಸೇರಿಸಿದ್ದ ವಾಕ್ಯ ಆಗ ನನ್ನ ಕಿವಿಗೆ ಬೀಳಲೇ ಇಲ್ಲ. ಕೊನೆಯ ದಿನಾಂಕ ಯಾವುದು, ಹಣ ಎಷ್ಟು, ಎಂದು ಬರುತ್ತದೆ, ವಿಮೆ ಎಲ್ಲಿಯವರೆಗೆ ಎಂಬ ನಾಲ್ಕು ಸಂಗತಿಗಳನ್ನಷ್ಟೇ ನಾನು ಕಾಯುತ್ತಿದ್ದೆ, ಅವು ಕಾಗದದ ಎರಡನೆಯ ಪುಟದಲ್ಲಿದ್ದವು. ಆ ಮೇಲೆ ನಾನು ಬರೆದ ಯಾವ ಪತ್ರದಲ್ಲೂ ಅವು ಮೊದಲ ಐದು ಸಾಲಿನಾಚೆ ಹೋಗಿಲ್ಲ.

ಪರಿಹಾರದ ಅಂಕಿಗಳನ್ನು ಹೋಲಿಸುವಾಗಲೂ ಸ್ವಲ್ಪ ಎಚ್ಚರ ಬೇಕು. ಮೆಟಾ 2022ರ ನವೆಂಬರ್‌ನಲ್ಲಿ 11,000ಕ್ಕೂ ಹೆಚ್ಚು ಜನರನ್ನು ತೆಗೆದಾಗಲೂ, ಗೂಗಲ್ 2023ರ ಜನವರಿಯಲ್ಲಿ ಸುಮಾರು 12,000 ಜನರನ್ನು ತೆಗೆಯುವುದಾಗಿ ಘೋಷಿಸಿದಾಗಲೂ ಅಮೆರಿಕದಲ್ಲಿ 16 ವಾರಗಳ ವೇತನ ಮತ್ತು ಪ್ರತಿ ವರ್ಷದ ಸೇವೆಗೆ ಎರಡು ವಾರ ಎಂಬ ಸೂತ್ರವೇ ಇತ್ತು. ಗೂಗಲ್‌ನಲ್ಲಿ ಇದಲ್ಲದೆ ಕನಿಷ್ಠ 60 ದಿನಗಳ ನೋಟಿಸ್ ಅವಧಿಯ ಸಂಬಳವೂ ಸಿಕ್ಕಿತು; ದೊಡ್ಡ ಪ್ರಮಾಣದ ಕಡಿತಕ್ಕೆ 60 ದಿನಗಳ ಮುನ್ಸೂಚನೆ ಕೊಡಬೇಕೆಂದು ಅಲ್ಲಿನ 1988ರ ಕಾನೂನು ಹೇಳುತ್ತದೆ. ಹಾಗಾಗಿ ಯಾವುದೇ ಕಂಪನಿ ‘ಮೂರು ತಿಂಗಳ ಸಂಬಳ ಕೊಟ್ಟೆವು’ ಎಂದಾಗ ಅದು ನೋಟಿಸ್ ಅವಧಿಯನ್ನೂ ಸೇರಿಸಿಕೊಂಡ ಲೆಕ್ಕವೋ ಅದರ ಮೇಲಿನದೋ ಎಂದು ಕೇಳಬೇಕು. ನೋಟಿಸ್, ಉಳಿದ ರಜೆಯ ಹಣ, ಗಳಿಸಿದ ಬೋನಸ್ ಇವೆಲ್ಲ ಹೇಗಿದ್ದರೂ ಸಲ್ಲಬೇಕಾದವು, ಅವನ್ನು ಔದಾರ್ಯದ ಲೆಕ್ಕಕ್ಕೆ ಬರೆಯಬಾರದು. ಇಷ್ಟು ಹಣ ಕೊಟ್ಟ ಗೂಗಲ್‌ನಲ್ಲೂ ಹಲವು ವರ್ಷ ದುಡಿದವರಿಗೆ ಲಾಗಿನ್ ಆಗದಿದ್ದಾಗಲೇ ಸುದ್ದಿ ತಿಳಿಯಿತು ಎಂಬ ದೂರು ಎದ್ದಿತು. ಅದೇ ಕಂಪನಿಯ ಅದೇ ನಿರ್ಧಾರ, ಸಮಾಲೋಚನೆ ಕಡ್ಡಾಯವಾಗಿರುವ ಯೂರೋಪಿನ ದೇಶಗಳಲ್ಲಿ ತಿಂಗಳುಗಟ್ಟಲೆ ತೆಗೆದುಕೊಂಡಿತು.

ಅಲ್ಲಿಗೆ ‘ತಿಂಗಳುಗಟ್ಟಲೆ’ ಎಂಬ ಎರಡನೆಯ ರೀತಿಗೆ ಬಂದೆವು. ಇದರಲ್ಲಿ ನಾನು ಮತ್ತೆ ಮತ್ತೆ ಹೇಳುವ ಉದಾಹರಣೆ ನೋಕಿಯಾ, ಏಕೆಂದರೆ ಒಂದೇ ಕಂಪನಿ ಎರಡು ರೀತಿಯಲ್ಲೂ ಮಾಡಿ ನೋಡಿದೆ. 2008ರಲ್ಲಿ ಅದು ಜರ್ಮನಿಯ ಬೋಖುಮ್ ಕಾರ್ಖಾನೆಯನ್ನು ಮುಚ್ಚಿ 2,300 ಜನರ ಕೆಲಸ ತೆಗೆಯುವುದಾಗಿ ಇದ್ದಕ್ಕಿದ್ದಂತೆ ಘೋಷಿಸಿತು. ಕಂಪನಿ ಲಾಭದಲ್ಲಿದ್ದ ಕಾಲವದು. ಸಾವಿರಾರು ಜನ ಬೀದಿಗಿಳಿದರು, ರಾಜಕಾರಣಿಗಳು ನೋಕಿಯಾ ಫೋನ್ ಬಿಟ್ಟರು, ಸರ್ಕಾರ ಕೊಟ್ಟಿದ್ದ ಸಹಾಯಧನವನ್ನು ವಾಪಸ್ ಕೇಳಿತು. ಮೂರು ವರ್ಷಗಳ ಬಳಿಕ, ಈ ಸಲ ನಿಜವಾಗಿಯೂ ಸಂಕಷ್ಟದಲ್ಲಿದ್ದಾಗ, 13 ದೇಶಗಳಲ್ಲಿ ಸುಮಾರು 18,000 ಜನರನ್ನು ಬಿಡುಗಡೆ ಮಾಡಬೇಕಾಗಿ ಬಂದಾಗ ಅದು ‘ಬ್ರಿಜ್’ ಎಂಬ ಕಾರ್ಯಕ್ರಮ ರೂಪಿಸಿತು. ಕಂಪನಿಯೊಳಗೇ ಬೇರೆ ಹುದ್ದೆ, ಹೊರಗೆ ಕೆಲಸ, ಸ್ವಂತ ಉದ್ಯಮ, ಹೊಸ ವಿದ್ಯೆ, ಇಲ್ಲವೇ ಇವಾವುವೂ ಅಲ್ಲದ ತಮ್ಮದೇ ದಾರಿ: ಐದರಲ್ಲಿ ಒಂದನ್ನು ನೌಕರರು ಆರಿಸಿಕೊಳ್ಳಬಹುದಿತ್ತು, ಉದ್ಯಮಕ್ಕೆ ಇಳಿಯುವವರಿಗೆ ಮೂಲಧನವೂ ಸಿಗುತ್ತಿತ್ತು. ಕೆಲಸ ಮುಗಿದ ದಿನ ಅವರಲ್ಲಿ ಶೇ 60ರಷ್ಟು ಜನರಿಗೆ ತಮ್ಮ ಮುಂದಿನ ಹೆಜ್ಜೆ ಯಾವುದೆಂದು ಗೊತ್ತಿತ್ತು. ಬ್ರಿಜ್‌ಗೆ ತಗುಲಿದ ವೆಚ್ಚ ಸುಮಾರು 5 ಕೋಟಿ ಯೂರೊ. ಬೋಖುಮ್ ಒಂದನ್ನೇ ಮುಚ್ಚುವುದಕ್ಕೆ ತೆತ್ತದ್ದು ಅದರ ಹಲವು ಪಟ್ಟು.

ತಿಂಗಳುಗಟ್ಟಲೆ ಎಳೆಯುವುದರಲ್ಲೂ ಕೇಡಿಲ್ಲದಿಲ್ಲ. ‘ಮುಂದಿನ ತ್ರೈಮಾಸಿಕದಲ್ಲಿ ಇನ್ನಷ್ಟು ಕಡಿತವಾಗಬಹುದು’ ಎಂದು ಅಸ್ಪಷ್ಟವಾಗಿ ಹೇಳಿ ಕಾಯಿಸುವುದು ಮುಂಚಿತ ಸೂಚನೆಯಲ್ಲ. ನೋಕಿಯಾ ಮುಂಚಿತವಾಗಿ ಹೇಳಿದ್ದು ಮುಂದಿನ ಆಯ್ಕೆಗಳ ಸಮೇತ. ಹೆಸರಿಲ್ಲದ ಸೂಚನೆಯಿಂದ ಮೊದಲು ಹೊರಡುವವರು ಬೇರೆ ಕಡೆ ಸುಲಭವಾಗಿ ಕೆಲಸ ಸಿಗುವ, ನೀವು ಉಳಿಸಿಕೊಳ್ಳಬೇಕೆಂದಿದ್ದ ಜನ. ಮೂರು ಸಲ ಏಳೆಂಟು ಜನರನ್ನು ತೆಗೆಯುವುದಕ್ಕಿಂತ ಒಂದೇ ಸಲ ಇಪ್ಪತ್ತೈದು ಜನರನ್ನು ತೆಗೆಯುವುದು ಮೇಲು ಎಂದು ನಾನು ಹೇಳುವುದು ಇದಕ್ಕಾಗಿಯೇ.

ತೆಗೆಯದೆಯೇ ನಿಭಾಯಿಸಿದವರೂ ಇದ್ದಾರೆ. ‘ಲೇಆಫ್’ ಎಂಬ ಪದವೇ ಮೊದಲು ಕೆಲಸ ಕಡಿಮೆಯಿದ್ದಾಗ ಮನೆಗೆ ಕಳಿಸಿ, ಕೆಲಸ ಬಂದಾಗ ಮತ್ತೆ ಕರೆಸಿಕೊಳ್ಳುವ ಏರ್ಪಾಡಿಗೆ ಬಳಕೆಯಾಗುತ್ತಿತ್ತು. ಶಾಶ್ವತವಾಗಿ ಕಳಿಸುವುದಕ್ಕೆ ಅದೇ ಪದವನ್ನು ಉಳಿಸಿಕೊಂಡದ್ದು ಸೌಜನ್ಯವೋ ಜಾಣತನವೋ ಹೇಳಲಾರೆ. ವೆಲ್ಡಿಂಗ್ ಯಂತ್ರಗಳನ್ನು ತಯಾರಿಸುವ ಅಮೆರಿಕದ ಲಿಂಕನ್ ಎಲೆಕ್ಟ್ರಿಕ್ 1958ರಿಂದ, ಕೆಲವು ವರ್ಷ ಸೇವೆ ಸಲ್ಲಿಸಿದವರನ್ನು ಕೆಲಸವಿಲ್ಲ ಎಂಬ ಕಾರಣಕ್ಕೆ ತೆಗೆಯುವುದಿಲ್ಲ ಎಂಬ ನಿಯಮ ಪಾಲಿಸಿತು. ಅದಕ್ಕೆ ಪ್ರತಿಯಾಗಿ ಮಾರುಕಟ್ಟೆ ಕುಸಿದಾಗ ವಾರದ ಗಂಟೆಗಳು ಕಡಿಮೆಯಾಗುವುದನ್ನೂ ಬೇರೆ ಕೆಲಸಕ್ಕೆ ಹೋಗುವುದನ್ನೂ ನೌಕರರು ಒಪ್ಪಬೇಕಿತ್ತು. 1980ರ ದಶಕದ ಆರಂಭದ ಹಿಂಜರಿತದಲ್ಲಿ ಅಲ್ಲಿನ ಕಾರ್ಖಾನೆಯ ಕೆಲಸಗಾರರೇ ಕೆಲವರು ಯಂತ್ರ ಮಾರಲು ಹೊರಟರು. ಫೋಕ್ಸ್‌ವ್ಯಾಗನ್ 1993ರಲ್ಲಿ ಕಾರ್ಮಿಕ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡು ವಾರಕ್ಕೆ 28.8 ಗಂಟೆಗಳ, ನಾಲ್ಕು ದಿನಗಳ ಕೆಲಸವನ್ನು ಜಾರಿಗೆ ತಂದು ಸುಮಾರು 30,000 ಉದ್ಯೋಗಗಳನ್ನು ಉಳಿಸಿತು, ನೌಕರರ ವಾರ್ಷಿಕ ಸಂಬಳವೂ ಇಳಿಯಿತು. ಇಂಥ ವ್ರತಗಳು ಶಾಶ್ವತವಲ್ಲ. 1971ರಿಂದ ಹಾರಾಡುತ್ತಿರುವ ಸೌತ್‌ವೆಸ್ಟ್ ಏರ್‌ಲೈನ್ಸ್ ತನ್ನ ಇತಿಹಾಸದ ಮೊದಲ ಸಾಮೂಹಿಕ ಕಡಿತವನ್ನು 2025ರ ಫೆಬ್ರವರಿಯಲ್ಲಿ ಘೋಷಿಸಿತು: 1,750 ಹುದ್ದೆಗಳು, ಅದರ ಕಚೇರಿ ಸಿಬ್ಬಂದಿಯ ಶೇ 15ರಷ್ಟು. ನಿಮ್ಮ ಆಡಳಿತ ವರ್ಗವನ್ನು ಮೊದಲು ಕೇಳಬೇಕಾದದ್ದು ಈ ದಾರಿಗಳನ್ನು ಲೆಕ್ಕ ಹಾಕಿ ನೋಡಿದ್ದೀರಾ ಎಂದು. ಒಬ್ಬ ಗ್ರಾಹಕ ಹೋದದ್ದು ತಾತ್ಕಾಲಿಕ ಕೊರತೆಯಾದರೆ, ಆರು ತಿಂಗಳು ಹಿರಿಯರಿಂದ ಆರಂಭಿಸಿ ಎಲ್ಲರ ಸಂಬಳದಲ್ಲಿ ಸ್ವಲ್ಪ ಕಡಿತ ಮಾಡುವುದು ಅಗ್ಗವಾದೀತು. ಆ ಕೆಲಸವೇ ಮರಳಿ ಬರುವುದಿಲ್ಲ ಎಂದಾದರೆ ಅದು ಬರಿಯ ಮುಂದೂಡಿಕೆ.

ನೀವು ಖಂಡಿತ ದೂರವಿರಬೇಕಾದ ಒಂದು ರೀತಿಯಿದೆ, ನಮ್ಮ ಕ್ಷೇತ್ರದಲ್ಲಿ ಅದೇ ಹೆಚ್ಚು ಬಳಕೆಯಲ್ಲಿರುವುದು ದುರದೃಷ್ಟ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಲೆಕ್ಕಾಚಾರದಲ್ಲಿ ನೌಕರರನ್ನು ಕೋಣೆಗೆ ಕರೆದು ‘ನೀವೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತದೆ’ ಎಂದು ಸಹಿ ಪಡೆಯುವ ಪದ್ಧತಿ ಅದು. ಕಾಗದದ ಮೇಲೆ ಕಡಿತವೇ ನಡೆದಿರುವುದಿಲ್ಲ. ಸಹಿ ಹಾಕಿದವರು ಪರಿಹಾರವನ್ನೂ, ಅವರ ದೇಶದಲ್ಲಿ ನಿರುದ್ಯೋಗ ಭತ್ಯೆಯಿದ್ದರೆ ಹಲವು ವೇಳೆ ಅದನ್ನೂ ಕಳೆದುಕೊಳ್ಳುತ್ತಾರೆ. ಜಪಾನಿನ ಕೆಲವು ದೊಡ್ಡ ಕಂಪನಿಗಳು ವಜಾ ಮಾಡುವುದು ಕಾನೂನಿನಲ್ಲಿ ಕಷ್ಟವೆಂದು, ಬೇಡವಾದವರಿಗೆ ಕೆಲಸವನ್ನೇ ಕೊಡದೆ ಕೂರಿಸುತ್ತಿದ್ದ ಕೋಣೆಗಳಿಗೆ ‘ಹೊರಗಟ್ಟುವ ಕೋಣೆ’ ಎಂದೇ ಹೆಸರು ಬಿದ್ದಿತ್ತು. ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಫ್ರಾನ್ಸ್ ಟೆಲಿಕಾಂ ಸಾಕ್ಷಿ. ಸರ್ಕಾರಿ ನೌಕರರ ಭದ್ರತೆಯಿದ್ದ ಸಾವಿರಾರು ಜನರನ್ನು ವಜಾ ಮಾಡಲಾಗದ ಕಾರಣ, 2006ರಿಂದ ಮೂರು ವರ್ಷಗಳಲ್ಲಿ 22,000 ಜನರನ್ನು ತಾವಾಗಿಯೇ ಹೋಗುವಂತೆ ಮಾಡುವ ಯೋಜನೆ ಅಲ್ಲಿ ನಡೆಯಿತು: ಮತ್ತೆ ಮತ್ತೆ ವರ್ಗಾವಣೆ, ಅರ್ಥವಿಲ್ಲದ ಕೆಲಸ, ಒಂಟಿಯಾಗಿಸುವಿಕೆ. ಹಲವು ನೌಕರರು ಪ್ರಾಣ ಕಳೆದುಕೊಂಡರು. 2019ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ನ್ಯಾಯಾಲಯ ಕಂಪನಿಯನ್ನೂ ಅದರ ಮಾಜಿ ಮುಖ್ಯಸ್ಥ ದಿದಿಯೇ ಲೊಂಬಾರ್ ಅವರನ್ನೂ ಸಾಂಸ್ಥಿಕ ಕಿರುಕುಳದ ಅಪರಾಧಿಗಳೆಂದು ತೀರ್ಮಾನಿಸಿತು.

ಪಟ್ಟಿ ಮಾಡುವ ವಿಧಾನದ ಬಗ್ಗೆ ನೀವು ಕೇಳಿಲ್ಲ, ಆದರೆ ಜಗಳವೆಲ್ಲ ಅಲ್ಲಿಯೇ ಹುಟ್ಟುತ್ತದೆ. ಕೊನೆಗೆ ಸೇರಿದವರನ್ನು ಮೊದಲು ಕಳಿಸುವ ಕ್ರಮ ಭಾರತವೂ ಸೇರಿದಂತೆ ಕೆಲವು ದೇಶಗಳಲ್ಲಿ ಕಾರ್ಮಿಕರ ಮಟ್ಟಿಗೆ ಕಾನೂನಿನಲ್ಲೇ ಇದೆ. ಅದರಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆ, ಆದರೆ ಹೊಸ ಕೌಶಲವಿರುವ ಕಿರಿಯರೇ ಹೋಗುತ್ತಾರೆ. ಕಾರ್ಯಕ್ಷಮತೆಯ ಆಧಾರದ ಮೇಲೆ ತೆಗೆಯುವುದು ನ್ಯಾಯವೆನಿಸುತ್ತದೆ, ಆದರೆ ಅದನ್ನು ಸಾರ್ವಜನಿಕವಾಗಿ ಹೇಳುವುದು ಬೇರೆ ಮಾತು. ಮೆಟಾ 2025ರ ಆರಂಭದಲ್ಲಿ ಸುಮಾರು ಶೇ 5ರಷ್ಟು ಜನರನ್ನು ‘ಕಡಿಮೆ ಕಾರ್ಯಕ್ಷಮತೆಯವರು’ ಎಂದೇ ಹೇಳಿ ತೆಗೆದಾಗ, ಒಳ್ಳೆಯ ಶ್ರೇಣಿ ಪಡೆದಿದ್ದವರೂ ಆ ಪಟ್ಟಿಯಲ್ಲಿದ್ದೆವೆಂದು ಹೇಳಿಕೊಂಡರು; ಕೆಲಸದ ಜೊತೆಗೆ ಹೆಸರೂ ಹೋಯಿತು. ನಿಮ್ಮ ಪ್ರಸಂಗದಲ್ಲಿ ಕಾರಣ ಒಬ್ಬ ಗ್ರಾಹಕ. ಹಾಗಿರುವಾಗ ಯಾವ ಹುದ್ದೆಗಳಿಗೆ ಇನ್ನು ಕೆಲಸವಿಲ್ಲ ಎಂಬುದನ್ನು ಮೊದಲು ಬರೆಯಿರಿ, ಹೆಸರುಗಳನ್ನು ಆಮೇಲೆ ತುಂಬಿ. ಹೆರಿಗೆ ರಜೆಯಲ್ಲಿರುವವರು, ಕಾಯಿಲೆಯಲ್ಲಿರುವವರು, ಇತ್ತೀಚೆಗೆ ದೂರು ಕೊಟ್ಟವರು ಪಟ್ಟಿಯಲ್ಲಿ ಹೆಚ್ಚಾಗಿ ಕಂಡರೆ ಅದನ್ನು ಮತ್ತೆ ಮೊದಲಿನಿಂದ ಮಾಡಿ, ಕಾನೂನು ಸಲಹೆಗಾರರಿಗೆ ತೋರಿಸದೆ ಮುಂದುವರಿಯಬೇಡಿ.

ಇಪ್ಪತ್ತೈದು ಜನರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡುವುದು ಒಂದೇ ದಿನದಲ್ಲಿ ಸಾಧ್ಯ. ತಲಾ ಇಪ್ಪತ್ತು ನಿಮಿಷದಂತೆ, ಐದು ಮ್ಯಾನೇಜರುಗಳು ಹಂಚಿಕೊಂಡರೆ ಎರಡು ಗಂಟೆಗಿಂತ ಕಡಿಮೆ. ಹನ್ನೆರಡು ಸಾವಿರ ಜನರಿರುವಾಗ ಇಮೇಲ್ ಅನಿವಾರ್ಯವೆಂಬ ವಾದಕ್ಕೆ ಸ್ವಲ್ಪ ಹುರುಳಿರಬಹುದು, ನಿಮಗೆ ಆ ನೆಪವೂ ಇಲ್ಲ. ಅಂದು ಮಧ್ಯಾಹ್ನವೇ ಉಳಿದ 135 ಜನರನ್ನು ಸೇರಿಸಿ, ಪಟ್ಟಿ ಮುಗಿದಿದೆಯೇ ಇಲ್ಲವೇ ಎಂಬುದನ್ನು ನೇರವಾಗಿ ಹೇಳಬೇಕು. ಮುಗಿದಿದೆ ಎನ್ನಲು ಆಡಳಿತ ವರ್ಗ ಸಿದ್ಧವಿಲ್ಲದಿದ್ದರೆ ಆ ಭರವಸೆಯನ್ನು ನಿಮ್ಮ ಬಾಯಿಂದ ಆಡಿಸಲು ಬಿಡಬೇಡಿ. ಪತ್ರಗಳನ್ನು ಕಳಿಸುವ ಮುನ್ನ ಒಬ್ಬರಾದರೂ ಎಲ್ಲವನ್ನೂ ತೆರೆದು ಓದಲಿ. 2022ರಲ್ಲಿ ಶೇ 14ರಷ್ಟು ಜನರನ್ನು ತೆಗೆದಾಗ, ಅತಿಯಾಗಿ ನೇಮಿಸಿಕೊಂಡದ್ದು ನಮ್ಮದೇ ತಪ್ಪು ಎಂದು ಒಪ್ಪಿ ಮೆಚ್ಚುಗೆ ಗಳಿಸಿದ್ದ ಆನ್‌ಲೈನ್ ಪಾವತಿ ಕಂಪನಿ ಸ್ಟ್ರೈಪ್, 2025ರ ಕಡಿತದಲ್ಲಿ ಕೆಲವರಿಗೆ ಕಳಿಸಿದ ಇಮೇಲ್‌ಗೆ ಬಾತುಕೋಳಿಯ ಕಾರ್ಟೂನ್ ಚಿತ್ರವೊಂದನ್ನು ತಪ್ಪಾಗಿ ಲಗತ್ತಿಸಿ ಕ್ಷಮೆ ಕೇಳಬೇಕಾಯಿತು.

ಕೊನೆಯದಾಗಿ, ಹೊರಹೋದವರು ಫೋನ್ ಮಾಡಲು ಒಬ್ಬರ ಹೆಸರು ಮತ್ತು ನಂಬರನ್ನು ಪತ್ರದಲ್ಲೇ ಬರೆದುಕೊಡಿ. ಹಳೆಯ ಇಮೇಲ್ ಬಂದ್ ಆದ ಮೇಲೆ ಅವರಿಗೆ ಸಂಬಳದ ಚೀಟಿ ಬೇಕಾಗುತ್ತದೆ, ತೆರಿಗೆಯ ಕಾಗದ ಬೇಕಾಗುತ್ತದೆ, ಹೊಸ ಕಂಪನಿಯವರು ಅನುಭವ ಪತ್ರವನ್ನು ತಾಳೆ ನೋಡಲು ಕರೆ ಮಾಡುತ್ತಾರೆ. ನಾನು ನಡೆಸಿದ ಒಂದು ಕಡಿತದಲ್ಲಿ ಅಂಥ ಕೊನೆಯ ಕರೆ ಬಂದದ್ದು ಎಂಟು ತಿಂಗಳ ನಂತರ. ಆ ನಂಬರಿನ ಹಿಂದೆ ಅಷ್ಟು ಕಾಲವೂ ಯಾರಾದರೂ ಇರುವಂತೆ ಈಗಲೇ ಏರ್ಪಾಡು ಮಾಡಿಕೊಳ್ಳಿ.